ಲ್ಯಾಕರ್ ಇಲ್ಲದೆ ಎರಡು ಮಳೆಗಾಲ: ಬರಿ ಅಲ್ಯೂಮಿನಿಯಂ ಹೊಳಪು ಉಳಿಸಿಕೊಂಡ ನನ್ನ ಅನುಭವ

ನನ್ನ ಕಾರಿನ ನಾಲ್ಕೂ ಚಕ್ರಗಳು ಈಗ ಬರಿ ಮೈಯಲ್ಲಿವೆ. ಪೇಂಟ್ ಇಲ್ಲ, ಪೌಡರ್ ಕೋಟಿಂಗ್ ಇಲ್ಲ, ಲ್ಯಾಕರ್ (ಮೇಲೆ ಹೊಡೆಯುವ ಪಾರದರ್ಶಕ ಪದರ) ಕೂಡ ಇಲ್ಲ. ಹಾಗೇ ಎರಡು ಮಳೆಗಾಲ ದಾಟಿವೆ. ಮೊನ್ನೆ ಟೈರಿಗೆ ಗಾಳಿ ಹಾಕಲು ಕೂತಾಗ ಪ್ರೆಷರ್ ಗೇಜಿನ ಅಂಕಿಗಳು ರಿಮ್ಮಿನ ತುಟಿಯಲ್ಲಿ ಉಲ್ಟಾ ಕಂಡವು. ಉಲ್ಟಾ ಆದರೂ 32 ಅಂತ ಓದಲು ಬಂತು. ಗಾಳಿ ಹಾಕುವುದು ಬಿಟ್ಟು ಸುಮ್ನೆ ಎರಡು ನಿಮಿಷ ಅದನ್ನೇ ನೋಡುತ್ತಾ ಕೂತೆ.

ಇದನ್ನು ಬರೆಯಲು ಸ್ವಲ್ಪ ಹಟವೂ ಕಾರಣ. "ಬರಿ ಅಲ್ಯೂಮಿನಿಯಂ ಒಂದು ತಿಂಗಳು ನಿಲ್ಲಲ್ಲ" ಅಂದವರು ಒಬ್ಬಿಬ್ಬರಲ್ಲ. ಪೇಂಟ್ ಹೊಡೆಯುವವರು ಅಂದರು, ಟೈರ್ ಕೆಲಸದವರು ಅಂದರು, ಹಳೇ ಕಾರು ಸಾಕಿಕೊಂಡ ಗೆಳೆಯರಂತೂ ನಕ್ಕರು. ಅವರ ಮಾತು ಸುಳ್ಳೂ ಆಗಿರಲಿಲ್ಲ. ನಾನೇ ನಾಲ್ಕು ಸಲ ಸೋತಿದ್ದೆ. ಐದನೇ ಸಲ ಯಾಕೆ ನಿಂತಿತು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ), ಬಫ್ (ಮೋಟರಿಗೆ ಸಿಕ್ಕಿಸುವ ಪಾಲಿಶ್ ಚಕ್ರ), ಬಫಿಂಗ್ ಸೋಪು ಇವೆಲ್ಲ ನಿಮ್ಮ ಕೈಯಲ್ಲಿ ಆಡಿರುತ್ತವೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಚಕ್ರಗಳು ಎರಕದ ಅಲಾಯ್, ಐದು ಸ್ಪೋಕಿನವು. ಕಂಪನಿಯಿಂದ ಬರುವಾಗ ಮುಖವನ್ನು ಲೇತ್‌ನಲ್ಲಿ ಹೆರೆದು, ಮೇಲೆ ಲ್ಯಾಕರ್ ಹೊಡೆದಿದ್ದರು. ಕೆಲವು ವರ್ಷಕ್ಕೆ ಅಂಚಿನಲ್ಲಿ ಆ ಲ್ಯಾಕರ್ ಎದ್ದಿತು. ಅದರಡಿ ಬಿಳಿ ಗೆರೆಗಳು, ಎಲೆಯೊಳಗೆ ಹುಳ ಕೊರೆದ ದಾರಿಯ ಹಾಗೆ ಹರಡಿದ್ದವು. ಫಿಲಿಫಾರ್ಮ್ ಕರೋಷನ್ (ದಾರದ ಹಾಗೆ ಹರಡುವ ತುಕ್ಕು) ಅಂದರೆ ಇದೇ. ಕಲ್ಲು ಬಡಿದು ಸೂಜಿಮೊನೆಯಷ್ಟು ತೂತಾದರೂ ಸಾಕು, ಅಲ್ಲಿಂದ ತೇವವೂ ಉಪ್ಪೂ ಒಳಗೆ ಹೋಗುತ್ತವೆ. ಈ ತುಕ್ಕಿನ ಹುಳ ಲ್ಯಾಕರಿನ ಅಡಿಯಲ್ಲೇ ಮುಂದೆ ಸಾಗುತ್ತದೆ. ಮೇಲಿನಿಂದ ಎಷ್ಟು ಉಜ್ಜಿದರೂ ಕೈಗೆ ಸಿಗುವುದಿಲ್ಲ.

ಖರ್ಚಿನ ಲೆಕ್ಕ ಸುಲಭವಾಗಲಿ ಅಂತ, ಹೊಸ ನಾಲ್ಕು ಚಕ್ರದ ಸೆಟ್ಟಿನ ಬೆಲೆಯನ್ನು 100 ಅಂತ ಇಟ್ಟುಕೊಳ್ಳೋಣ. ಮುಂದೆ ನಾನು 6 ಅಂದರೆ ಆ ನೂರರಲ್ಲಿ ಆರು. ಎಲ್ಲ ನೆನಪಿನ ಲೆಕ್ಕ, ರಸೀದಿಗಳೆಲ್ಲ ಎಲ್ಲೋ ಹೋಗಿವೆ.

ಮೊದಲ ಸಲ ನಾನೇ ಮಾಡಿದೆ. ಪೇಂಟ್ ರಿಮೂವರ್ ಹಚ್ಚಿ ಹಳೇ ಲ್ಯಾಕರ್ ಎಬ್ಬಿಸಿದೆ. 320 ಪೇಪರಿನಿಂದ (ಅಂಕಿ ಹೆಚ್ಚಿದಷ್ಟೂ ಪೇಪರ್ ನುಣುಪು) ಶುರು ಮಾಡಿ, 400, 600 ಎಲ್ಲ ಯಾಕೆ ಅಂತ ನೇರ 1000ಕ್ಕೆ ಹಾರಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿಲ್ಲ. ಬಫ್ ಮಾಡಿದಾಗ ನೆರಳಿನಲ್ಲಿ ಬಲು ಚೆನ್ನಾಗಿತ್ತು. ಚಕ್ರವನ್ನು ಬಿಸಿಲಿಗೆ ತಂದೆ ನೋಡಿ, 320ರ ಗೀರುಗಳೆಲ್ಲ ಬೆಳ್ಳಗೆ ಮೇಲೆದ್ದು ಬಂದವು. ಹೊಳಪು ಬಂದಷ್ಟೂ ಗೀರು ಎದ್ದು ಕಾಣುತ್ತದೆ. ಇರಲಿ ಅಂತ ಡಬ್ಬಿ ಸ್ಪ್ರೇ ಲ್ಯಾಕರ್ ಹೊಡೆದೆ. ಏಳು ತಿಂಗಳಿಗೆ ವಾಲ್ವಿನ ಸುತ್ತ ಅದೂ ಎದ್ದಿತು. ಖರ್ಚು ಸುಮಾರು 6.

ಎರಡನೇ ಸಲ ದುಡ್ಡು ಕೊಟ್ಟು ಮಾಡಿಸಿದೆ. ದೊಡ್ಡ ವರ್ಕ್‌ಶಾಪು, ಗಾಜಿನ ಕ್ಯಾಬಿನ್, ಎರಡು ಭಾಗ ಬೆರೆಸುವ ಗಟ್ಟಿ ಲ್ಯಾಕರ್. ಕೈಗೆ ಬಂದಾಗ ನಿಜವಾಗಿಯೂ ಸೊಗಸಾಗಿತ್ತು. ಬಿಲ್ ಸುಮಾರು 38. "ಐದು ವರ್ಷ ಏನೂ ಆಗಲ್ಲ" ಅಂದರು. ಹದಿನಾಲ್ಕು ತಿಂಗಳಿಗೆ ಮುಂದಿನ ಎಡಚಕ್ರದಲ್ಲಿ ಒಂದು ಕಲ್ಲೇಟು ಬಿತ್ತು. ಇನ್ನೆರಡು ತಿಂಗಳಿಗೆ ಅದೇ ಜಾಗದಿಂದ ಹುಳ ಹೊರಟಿತು. ವಾಪಸ್ ಹೋದರೆ, ಕಲ್ಲೇಟಿಗೆ ಗ್ಯಾರಂಟಿ ಇಲ್ಲವಂತೆ. ಕಲ್ಲು ಬಡಿಯದ ಚಕ್ರ ಯಾವ ರಸ್ತೆಯಲ್ಲಿ ಓಡುತ್ತದೋ ನನಗಂತೂ ಗೊತ್ತಿಲ್ಲ.

ಆಗ ಹೊಳೆದಿದ್ದು ಒಂದು ವಿಷಯ. ಲ್ಯಾಕರ್ ಹಿಡಿದು ನಿಲ್ಲಬೇಕಾದರೆ ಅಡಿಯಲ್ಲಿ ಸ್ವಲ್ಪ ಒರಟು ಬೇಕು. ಕನ್ನಡಿಯಂತೆ ನುಣುಪಾದ ಲೋಹಕ್ಕೆ ಅದು ಕಚ್ಚಿಕೊಳ್ಳುವುದೇ ಇಲ್ಲ. ಒರಟು ಮಾಡಿದರೆ ಕನ್ನಡಿ ಹೋಯಿತು. ಅಂದರೆ ಎಷ್ಟು ಚೆನ್ನಾಗಿ ಪಾಲಿಶ್ ಮಾಡುತ್ತೇವೋ ಲ್ಯಾಕರ್ ಅಷ್ಟು ಬೇಗ ಕೈಕೊಡುತ್ತದೆ. ಕಂಪನಿ ಚಕ್ರದಲ್ಲಿ ಲೇತಿನ ಸಣ್ಣ ಗೆರೆಗಳು ಉಳಿದಿರುತ್ತವೆ, ಅವೂ ಒಂದಿಷ್ಟು ಹಿಡಿತ ಕೊಡುತ್ತವೆ. ನನ್ನ ಚಕ್ರದಲ್ಲಿ ಅದೂ ಇರಲಿಲ್ಲ. ಲ್ಯಾಕರ್ ಸಹವಾಸವೇ ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆ.

ಮೂರನೇ ಸಲ ಬರೀ ವ್ಯಾಕ್ಸ್. ಕಾರ್ನೌಬಾ (ಒಂದು ಜಾತಿಯ ತಾಳೆ ಎಲೆಯ ಮೇಣ) ಇರುವ ಒಳ್ಳೇ ಪೇಸ್ಟ್ ವ್ಯಾಕ್ಸು. ಮೂರು ವಾರ ನಿಂತಿತು. ಕಾರ್ನೌಬಾ ಕರಗುವುದು 82ರಿಂದ 86 ಡಿಗ್ರಿಯಲ್ಲಿ. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಬಂದರೆ ಚಕ್ರದ ನಡುಭಾಗವನ್ನು ಬರಿಗೈಯಲ್ಲಿ ಮುಟ್ಟಲು ಆಗುವುದಿಲ್ಲ. ಅಲ್ಲಿ ವ್ಯಾಕ್ಸ್ ಎಲ್ಲಿ ಉಳಿದೀತು? ಖರ್ಚು 4. ನಾಲ್ಕನೇ ಸಲ ಸೆರಾಮಿಕ್ ಕೋಟಿಂಗ್ (ಒಣಗಿ ಗಾಜಿನಂಥ ತೆಳು ಪದರವಾಗುವ ದ್ರವ) ಬಾಟಲಿ ತಂದೆ, ಖರ್ಚು 12. ಬಾಟಲಿಯ ಮೇಲೆ ಬರೆದಂತೆ ಸ್ಪಿರಿಟ್‌ನಲ್ಲಿ ಒರೆಸಿ, ಹಚ್ಚಿ, ಒರೆಸಿ, ಒಂದು ದಿನ ಒಣಗಿಸಿದೆ. ಎರಡು ತಿಂಗಳಿಗೆ ಸ್ಪೋಕುಗಳ ಮೇಲೆ ಭೂಪಟ ಮೂಡಿತು. ಒಂದು ಕಡೆ ಫಳಫಳ, ಪಕ್ಕದಲ್ಲೇ ಬೂದಿಬಣ್ಣದ ದ್ವೀಪಗಳು.

ಇಲ್ಲಿಗೆ ಕೂಡಿದರೆ 60 ಹೋಯಿತು. ಬಫ್ ಮೋಟರು, ಬಫ್‌ಗಳು, ಸೋಪು, ಹೀಟ್ ಗನ್ ಸೇರಿ ಇನ್ನೊಂದು 15. ಇನ್ನೊಂದು 25 ಹಾಕಿದ್ದರೆ ಹೊಸ ಸೆಟ್ಟೇ ಬರುತ್ತಿತ್ತು ಅಂತ ಮನೆಯಲ್ಲಿ ದಿನಾ ನೆನಪಿಸುತ್ತಿದ್ದರು.

ದಾರಿ ತೋರಿಸಿದ್ದು ಚಕ್ರಕ್ಕೆ ಸಂಬಂಧವೇ ಇಲ್ಲದ ಕೆಲಸ. ಒಂದು ಬ್ರಾಕೆಟ್‌ಗೆ ನಿಕಲ್ ಪ್ಲೇಟಿಂಗ್ ಮಾಡಿಸಲು ಹೋಗಿದ್ದೆ. ಅಲ್ಲಿನ ಹಿರಿಯರೊಬ್ಬರು ಬ್ರಾಕೆಟ್ಟನ್ನು ಏನೋ ಬಿಳಿ ಹಿಟ್ಟಿನಲ್ಲಿ ತಿಕ್ಕಿ, ನೀರಿನಲ್ಲಿ ಅದ್ದಿ, ಮೇಲೆತ್ತಿ ಓರೆಯಾಗಿ ಹಿಡಿದರು. ನೋಡಿದರು. ತಲೆ ಆಡಿಸಿ ಮತ್ತೆ ತಿಕ್ಕಿದರು. ಮತ್ತೆ ಅದ್ದಿದರು. "ಏನು ನೋಡ್ತಿದ್ದೀರಿ?" ಅಂದೆ. "ನೀರು ಒಡೀಬಾರದು" ಅಂದರು. ಅಷ್ಟೇ. ಜಾಸ್ತಿ ಮಾತಿನ ಮನುಷ್ಯರಲ್ಲ.

ಪ್ಲೇಟಿಂಗ್ ಕೆಲಸದವರಿಗೆ ಇದು ಅ ಆ ಇ ಈ. ಲೋಹ ನಿಜವಾಗಿ ಶುದ್ಧವಾಗಿದ್ದರೆ ನೀರು ಅದರ ಮೇಲೆ ಒಂದೇ ಹಾಳೆಯಾಗಿ ಹರಡಿ ನಿಲ್ಲುತ್ತದೆ. ಒಂದು ಚೂರು ಎಣ್ಣೆ ಇದ್ದರೂ ಆ ಜಾಗದಲ್ಲಿ ಹಾಳೆ ಹರಿದು, ನೀರು ಹನಿಯಾಗಿ ಕೂಡಿಕೊಳ್ಳುತ್ತದೆ. ನಾವೋ, ಕಾರಿನ ಮೇಲೆ ನೀರು ಮಣಿಮಣಿಯಾಗಿ ಉರುಳಿದರೆ ಖುಷಿಪಡುವ ಜನ. ಕೋಟಿಂಗ್ ಹಾಕಿದ ಮೇಲೆ ಮಣಿಯಾದರೆ ಖುಷಿಪಡಿ. ಹಾಕುವ ಮುಂಚೆಯೇ ಮಣಿಯಾದರೆ ಅಳಬೇಕು.

ಮನೆಗೆ ಬಂದವನೇ ಪಾಲಿಶ್ ಮಾಡಿ ಸ್ಪಿರಿಟ್‌ನಲ್ಲಿ ಒರೆಸಿಟ್ಟಿದ್ದ ಒಂದು ಚಕ್ರದ ಮೇಲೆ ನೀರು ಸುರಿದೆ. ಒಂದೇ ಕ್ಷಣ ಹಾಳೆಯಾಗಿ ನಿಂತ ನೀರು ಸ್ಪೋಕಿನ ಬುಡದಿಂದ ಹಿಂಜರಿಯಲು ಶುರುವಾಯಿತು. ಬಿಸಿ ಹೆಂಚಿನಿಂದ ಸರಿಯುವ ಹಾಗೆ. ಅರ್ಧ ಸ್ಪೋಕು ಬರಿದಾಯಿತು, ಉಳಿದರ್ಧದಲ್ಲಿ ಹನಿಗಳು. ಭೂಪಟದಲ್ಲಿ ದ್ವೀಪಗಳಿದ್ದವಲ್ಲ, ಥೇಟ್ ಅದೇ ಆಕಾರ. ನಾನು ಕೋಟಿಂಗ್ ಹಾಕಿದ್ದು ಲೋಹದ ಮೇಲೆ ಅಲ್ಲ, ಪಾಲಿಶಿನ ಎಣ್ಣೆಯ ಮೇಲೆ.

ಯೋಚಿಸಿದರೆ ಸಹಜವೇ. ಬಫಿಂಗ್ ಸೋಪು ಅಂದರೆ ಕೊಬ್ಬು, ಮೇಣ, ಅದರಲ್ಲಿ ಸಣ್ಣ ಪುಡಿ. ಟ್ಯೂಬಿನಲ್ಲಿ ಬರುವ ಮೆಟಲ್ ಪಾಲಿಶ್‌ನಲ್ಲೂ ಎಣ್ಣೆ ಅಂಶ ಇರುತ್ತದೆ. ಅದು ಇರುವುದರಿಂದಲೇ ಒರೆಸಿದ ಕೂಡಲೇ ಅಷ್ಟು ಮಿಂಚು. ಮೇಲಾಗಿ ಎರಕದ ಚಕ್ರದಲ್ಲಿ ಕಣ್ಣಿಗೆ ಕಾಣದ ಸೂಜಿರಂಧ್ರಗಳು ಬೇರೆ. ಬಫ್ ಬಿಸಿಯಲ್ಲಿ ಕರಗಿದ ಸೋಪು ಅವುಗಳೊಳಗೆ ಇಳಿದು ಕೂತಿರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಮೇಲಿನದು ಹೋಗುತ್ತದೆ. ಒಳಗಿನದು ಮುಂದಿನ ಬಿಸಿಲಿಗೆ ಮೇಲೆ ಬರುತ್ತದೆ.

ಐದನೇ ಸಲ ಹೀಗೆ ಮಾಡಿದೆ. ಮೊದಲು ಟೈರ್ ಬಿಚ್ಚಿಸಿದೆ. ಟೈರ್ ಇಟ್ಟುಕೊಂಡೇ ಮಾಡಲೂಬಹುದು, ಆದರೆ ಅಂಚಿಗೆ ಕೈ ಹೋಗುವುದಿಲ್ಲ. ಅಂಚಿನಿಂದಲೇ ಎಲ್ಲ ರೋಗ ಶುರುವಾಗುವುದು. ಒಂದು ಎಚ್ಚರಿಕೆ: ಟೈರ್ ಕೂರುವ ಜಾಗ, ನಟ್ ಕೂರುವ ಓರೆ, ಹಬ್‌ಗೆ ತಾಗುವ ಹಿಂಬದಿ, ಈ ಮೂರನ್ನೂ ಮುಟ್ಟಬೇಡಿ. ಮುಖ ಮತ್ತು ತುಟಿ ಮಾತ್ರ ನಮ್ಮದು. ಒಳಗಿನ ಬ್ಯಾರಲ್ಲಿಗೆ ಕಂಪನಿ ಪೇಂಟ್ ಹಾಗೇ ಇರಲಿ.

ಪೇಪರ್ ಈ ಸಲ 320, 400, 600, 800, 1000, 1500, 2000. ಒಂದೂ ಬಿಡಲಿಲ್ಲ. ಪ್ರತಿ ಪೇಪರಿಗೂ ದಿಕ್ಕು ಬದಲಿಸಿದೆ. ಹಿಂದಿನದರ ಗೀರು ಅಡ್ಡಲಾಗಿ ಕಾಣುತ್ತದೆ, ಅದು ಪೂರ್ತಿ ಹೋಗುವವರೆಗೆ ಮುಂದಿನದಕ್ಕೆ ಹೋಗುವ ಹಾಗಿಲ್ಲ. ಒಂದು ಚಕ್ರಕ್ಕೆ ಒಂಬತ್ತು ಹತ್ತು ಗಂಟೆ ಹಿಡಿಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ 320 ಮತ್ತು 400ರಲ್ಲೇ. ಹುಳ ಕೊರೆದ ಗುಂಡಿಗಳು ಹೋಗಬೇಕಾದ್ದು ಅಲ್ಲೇ. 1000 ದಾಟಿದ ಮೇಲೆ ಕೆಲಸ ಓಡುತ್ತದೆ. ಬಕೆಟ್ ನೀರಿಗೆ ಒಂದೆರಡು ಹನಿ ಶಾಂಪೂ, ಪೇಪರ್ ಬದಲಿಸಿದಾಗಲೆಲ್ಲ ನೀರೂ ಹೊಸದು. ಹಿಂದಿನ ಪೇಪರಿನ ಒಂದೇ ಒಂದು ಕಣ ನೀರಿನಲ್ಲಿ ಉಳಿದಿದ್ದರೂ 2000ರಲ್ಲಿ ಅದು ಹಾಕುವ ಗೀರು ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ.

ಬಫ್‌ಗೆ ಮೋಟರಿನ ವೇಗ ನಿಮಿಷಕ್ಕೆ 2800 ಸುತ್ತು, ಬಫ್ 150 ಮಿಲಿಮೀಟರ್. ಮೊದಲು ಸೈಸಲ್ (ಕತ್ತಾಳೆ ನಾರಿನ) ಬಫ್, ಕಂದು ಸೋಪು. ಆಮೇಲೆ ಹೊಲಿಗೆ ಕಮ್ಮಿ ಇರುವ ಹತ್ತಿ ಬಫ್, ಬಿಳಿ ಸೋಪು. ಒಂದು ಸೋಪಿಗೆ ಒಂದೇ ಬಫ್, ಅದಲು ಬದಲು ಬೇಡ. ಕೆಲವರು ಆ್ಯಂಗಲ್ ಗ್ರೈಂಡರ್‌ಗೆ ದೊಡ್ಡ ಬಟ್ಟೆ ಬಫ್ ಸಿಕ್ಕಿಸುತ್ತಾರೆ. ಸಣ್ಣ ಗ್ರೈಂಡರ್ 11,000 ಸುತ್ತಿನವರೆಗೆ ತಿರುಗುತ್ತದೆ. ಆ ವೇಗಕ್ಕೆ ಅಲ್ಲದ ಬಫ್ ಚಿಂದಿಯಾಗಿ ಹಾರುತ್ತದೆ. ನನ್ನದೊಂದು ಹಾರಿ ಗೋಡೆಗೆ ಬಡಿದಿದೆ, ಮುಖಕ್ಕೆ ಬಡಿಯಲಿಲ್ಲ ಅನ್ನುವುದೇ ಪುಣ್ಯ. ಇನ್ನೊಂದು, ಅಲ್ಯೂಮಿನಿಯಂ ಧೂಳು ಕೂಡಿದ ಜಾಗದಲ್ಲಿ ಕಬ್ಬಿಣ ಗ್ರೈಂಡ್ ಮಾಡಬೇಡಿ. ಒಂದು ಕಿಡಿ ಸಾಕು, ಆ ಧೂಳು ಹೊತ್ತಿಕೊಂಡರೆ ನೀರು ಹಾಕಿ ಆರಿಸುವಂಥದ್ದಲ್ಲ.

ಎರಕದ ಅಲಾಯ್‌ನಲ್ಲಿ ಸಿಲಿಕಾನ್ ಇರುತ್ತದೆ, ಚಕ್ರಕ್ಕೆ ಬಳಸುವ ಸಾಮಾನ್ಯ ಮಿಶ್ರಣದಲ್ಲಿ ಸುಮಾರು 7 ಪರ್ಸೆಂಟ್. ಹಾಗಾಗಿ ಕ್ರೋಮ್‌ನ ನೀಲಿ ಹೊಳಪು ಇದಕ್ಕೆ ಬರುವುದಿಲ್ಲ. ಸ್ವಲ್ಪ ಬೂದು ಕಲಸಿದ ಬೆಳ್ಳಿಯ ಹೊಳಪು. ಇನ್ನೂ ಬೇಕು ಇನ್ನೂ ಬೇಕು ಅಂತ ಬಫ್ ಒತ್ತಿದರೆ ಮೈ ಅಲೆಅಲೆಯಾಗುತ್ತದೆ. ಹಿಂದಿನ ಬಲಚಕ್ರದ ಒಂದು ಸ್ಪೋಕಿನಲ್ಲಿ ಈ ದುರಾಸೆಯ ಗುರುತು ಇವತ್ತಿಗೂ ಇದೆ.

ಇನ್ನು ಎಣ್ಣೆ ತೆಗೆಯುವ ಕೆಲಸ. ನನ್ನ ಪ್ರಕಾರ ಇಡೀ ಕಥೆ ಇಲ್ಲೇ ಇರುವುದು. ಮೊದಲು ಬಿಸಿನೀರು, ಶಾಂಪೂ. ಒಣಗಿದ ಮೇಲೆ ಅಸಿಟೋನ್, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ. ಆಮೇಲೆ ಹೀಟ್ ಗನ್. ಆದರೆ ಮಧ್ಯೆ ತೆರಪು ಬಿಡಿ. ಅಸಿಟೋನ್ ಬಾಟಲಿ ದೂರ ಇಡಿ, ವಾಸನೆ ಪೂರ್ತಿ ಹೋದ ಮೇಲಷ್ಟೇ ಗನ್ ಹಚ್ಚಿ. ಲೋಹವನ್ನು 50-60 ಡಿಗ್ರಿಗೆ ತಂದರೆ ಸಾಕು, ಮುಟ್ಟಿದರೆ ಚುರ್ ಅನ್ನಬೇಕು. ಆಗ ನೋಡಬೇಕು ಮಜಾ. ಪೂರ್ತಿ ಶುದ್ಧ ಅಂದುಕೊಂಡಿದ್ದ ಸ್ಪೋಕಿನ ಬುಡದಲ್ಲಿ ಉಸಿರು ತಾಗಿದ ಕನ್ನಡಿಯಂಥ ತೆಳು ಮಬ್ಬು ಏಳುತ್ತದೆ. ರಂಧ್ರದೊಳಗಿನ ಸೋಪು ಕರಗಿ ಮೇಲೆ ಬಂದಿದ್ದು. ಒರೆಸಿ, ಮತ್ತೆ ಬಿಸಿ ಮಾಡಿ. ನನಗೆ ಮೂರು ಸುತ್ತು ಬೇಕಾಯಿತು, ವಾಲ್ವಿನ ಹತ್ತಿರ ನಾಲ್ಕು.

ಕೊನೆಗೆ ಆ ಬಿಳಿ ಹಿಟ್ಟು. ಅದು ಬೇರೇನಲ್ಲ, ನುಣ್ಣನೆಯ ಸುಣ್ಣಕಲ್ಲಿನ ಪುಡಿ, ಕ್ಯಾಲ್ಸಿಯಂ ಕಾರ್ಬೊನೇಟ್. ಜರಡಿ ಹಿಡಿದ ಪುಡಿಯನ್ನಲ್ಲ, ರಾಸಾಯನಿಕವಾಗಿ ತಯಾರಿಸಿದ ಅತಿ ಸಣ್ಣ ಪುಡಿಯನ್ನೇ ತಗೊಳ್ಳಿ. ಇಲ್ಲದಿದ್ದರೆ ಮರಳಿನ ಕಣ ಇರುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ದೋಸೆ ಹಿಟ್ಟಿನಷ್ಟು ತೆಳ್ಳಗೆ ಕಲಸಿ, ಮೆತ್ತನೆ ಹತ್ತಿಯಲ್ಲಿ ಒತ್ತಡವಿಲ್ಲದೆ ಸವರಿದೆ. ಎಣ್ಣೆಯನ್ನು ಹಿಟ್ಟು ಹೀರಿಕೊಳ್ಳುತ್ತದೆ. ಕೂಡಲೇ ತೊಳೆದು ನೀರಿನ ಪರೀಕ್ಷೆ. ಮೊದಲ ಸಲ ಎರಡು ಕಡೆ ಹಾಳೆ ಹರಿಯಿತು. ಮತ್ತೆ ಸವರಿದೆ. ಮೂರನೇ ಸಲ ಚಕ್ರವನ್ನು ಓರೆ ಹಿಡಿದಾಗ ನೀರು ಅಂಚಿನಿಂದ ಅಂಚಿಗೆ ಒಂದೇ ಹಾಳೆಯಾಗಿ ಇಳಿಯಿತು. ಎಲ್ಲೂ ಒಡೆಯಲಿಲ್ಲ. ಮೂವತ್ತು ಎಣಿಸುವವರೆಗೂ ಒಡೆಯಲಿಲ್ಲ. ನಲ್ಲಿ ನೀರು ಬೇಡ, ಒಣಗಿದಾಗ ಕಲೆ ಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರೇ ಸರಿ.

ಇದಾದ ಮೇಲೆ ಬರಿಗೈಯಲ್ಲಿ ಮುಟ್ಟಿದರೆ ಮುಗೀತು, ಬೆರಳಿನ ಎಣ್ಣೆ ಸಾಕು. ಪುಡಿ ಇಲ್ಲದ ನೈಟ್ರೈಲ್ ಗ್ಲೌಸ್ ಹಾಕಿ. ಕೊನೆಯದಾಗಿ ಸ್ಪಿರಿಟ್‌ನಲ್ಲಿ ಒಂದು ಸಲ ಒರೆಸುತ್ತೇನೆ. ಆ ಸ್ಪಿರಿಟ್‌ಗೆ ಏನು ಬೆರೆಸುತ್ತೇನೆ, ಎಷ್ಟು ಬೆರೆಸುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. 60 ಕಳೆದುಕೊಂಡು ಕಲಿತಿದ್ದು ಸ್ವಾಮಿ. ಬರೀ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲೂ ನಿಮಗೆ ಹತ್ತರಲ್ಲಿ ಒಂಬತ್ತರಷ್ಟು ಫಲ ಸಿಗುತ್ತದೆ.

ಲೋಹ ಪೂರ್ತಿ ತಣ್ಣಗಾದ ಮೇಲೆ ಕೋಟಿಂಗ್. ಬೆಚ್ಚಗಿದ್ದಾಗ ಹಚ್ಚಿದರೆ ಒರೆಸುವ ಮೊದಲೇ ಗಟ್ಟಿಯಾಗಿ ಪಟ್ಟೆ ಬೀಳುತ್ತದೆ. ಹಚ್ಚಿದ್ದು ಯಾವುದು ಅಂದುಕೊಂಡಿರಿ? ನಾಲ್ಕನೇ ಸಲ ಸೋತಿದ್ದೆನಲ್ಲ, ಅದೇ ಬಾಟಲಿಯಲ್ಲಿ ಉಳಿದಿದ್ದ ಅರ್ಧ. ಹೊಸ ಖರ್ಚು ಅಂದರೆ ಪುಡಿ, ಅಸಿಟೋನ್, ಸ್ಪಿರಿಟ್, ಪೇಪರ್ ಸೇರಿ 3 ಇರಬಹುದು.

ಆದರೂ ಅನುಮಾನ ಹೋಗಲಿಲ್ಲ. ಅದಕ್ಕೇ ಹಿಂದಿನ ಎಡಚಕ್ರವನ್ನು ಪ್ರಯೋಗಕ್ಕೆ ಬಿಟ್ಟೆ. ಐದು ಸ್ಪೋಕು, ಐದು ಬಗೆ. ಐದಕ್ಕೂ ಎಣ್ಣೆ ತೆಗೆದಿದ್ದು ಒಂದೇ ರೀತಿ. ಒಂದಕ್ಕೆ ಏನೂ ಇಲ್ಲ. ಒಂದಕ್ಕೆ ಕಾರ್ನೌಬಾ. ಒಂದಕ್ಕೆ ಮ್ಯೂಸಿಯಂಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್, ರೆನೆಸಾನ್ಸ್ ವ್ಯಾಕ್ಸ್ ಅಂತ ಹೆಸರು, 1950ರ ದಶಕದ ಕೊನೆಯಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಒಂದಕ್ಕೆ ಸಿಂಥೆಟಿಕ್ ಸೀಲಂಟ್. ಐದನೆಯದಕ್ಕೆ ಸೆರಾಮಿಕ್. ಗುರುತಿಗೆ ಒಳಬದಿಯಲ್ಲಿ ಮಾರ್ಕರಿನಿಂದ ಚುಕ್ಕೆ ಇಟ್ಟೆ.

ಏನೂ ಇಲ್ಲದ ಸ್ಪೋಕು ಮೂರು ವಾರಕ್ಕೆ ಮಂಕಾಯಿತು. ಕಾರ್ನೌಬಾ ಈ ಸಲ ಆರು ವಾರ ಬಂತು, ಅಂದರೆ ಮೊದಲಿನ ಎರಡು ಪಟ್ಟು. ಮ್ಯೂಸಿಯಂ ವ್ಯಾಕ್ಸ್ ಆಶ್ಚರ್ಯ ಹುಟ್ಟಿಸಿತು, ನಾಲ್ಕು ತಿಂಗಳು. ಸೀಲಂಟು ಹೆಚ್ಚುಕಮ್ಮಿ ಅಷ್ಟೇ. ಸೆರಾಮಿಕ್ ಸ್ಪೋಕು ಆರು ತಿಂಗಳಾದ ಮೇಲೂ ಮೊದಲ ದಿನದಂತಿತ್ತು. ಪ್ರಯೋಗ ಅಲ್ಲಿಗೆ ನಿಲ್ಲಿಸಿ ಆ ಚಕ್ರಕ್ಕೂ ಪೂರ್ತಿ ಅದನ್ನೇ ಹಾಕಿದೆ. ಐದು ಬಗೆಯ ಹೊಳಪಿನ ಚಕ್ರ ನೋಡಿ ಅಕ್ಕಪಕ್ಕದವರು ನನ್ನ ತಲೆ ಸರಿ ಇದೆಯಾ ಅಂತ ಕೇಳಲು ಶುರು ಮಾಡಿದ್ದರು.

ಎಲ್ಲ ಸರಿಹೋಯಿತು ಅನ್ನುವಾಗಲೇ ಒಂದು ಎಡವಟ್ಟು. ಊರಿನಿಂದ ಊರಿಗೆ ಹೋಗುವಾಗ ಕೆಸರಾಗಿತ್ತು, ದಾರಿಯಲ್ಲಿ ಕಾರು ತೊಳೆಯುವ ಕಡೆ ನಿಲ್ಲಿಸಿದೆ. ಫೋನಿನಲ್ಲಿ ಮಾತಾಡುತ್ತಾ ಆ ಕಡೆ ಹೋಗಿ ಬರುವಷ್ಟರಲ್ಲಿ ಹುಡುಗ ಮುಂದಿನ ಬಲಚಕ್ರಕ್ಕೆ ಖಾರವಾದ ವೀಲ್ ಕ್ಲೀನರ್ ಹೊಡೆದಿದ್ದ. ಅಲ್ಯೂಮಿನಿಯಂ ಮೈಮೇಲೆ ತಾನೇ ಒಂದು ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ, ಕೆಲವೇ ನ್ಯಾನೊಮೀಟರ್ ದಪ್ಪ. ಪಿಎಚ್ 4ರಿಂದ ಎಂಟೂವರೆ ಒಳಗೆ ಆ ಪೊರೆ ಕಾಪಾಡುತ್ತದೆ. ಅದರಾಚೆ, ಆಸಿಡ್ ಆಗಲಿ ಕ್ಷಾರ ಆಗಲಿ, ಪೊರೆ ಕರಗಿ ಲೋಹಕ್ಕೇ ಕೈ ಹಾಕುತ್ತದೆ. ನಾನು ಓಡಿ ಬಂದು ನೀರು ಹಾಯಿಸುವಾಗ ಎರಡು ಸ್ಪೋಕಿನ ಮೇಲೆ ಬಿಳಿ ಸೋರುಗೆರೆಗಳು ಮೂಡಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹುಡುಗನನ್ನು ಬೈದು ಪ್ರಯೋಜನ ಇಲ್ಲ, ಅವನು ದಿನಾ ಲ್ಯಾಕರ್ ಇರುವ ಚಕ್ರಗಳನ್ನೇ ತೊಳೆಯುವವನು.

ಆದರೆ ಬರಿ ಲೋಹದ ಲಾಭ ತಿಳಿದಿದ್ದು ಆವತ್ತೇ. ಲ್ಯಾಕರ್ ಚಕ್ರವಾಗಿದ್ದರೆ ಇಡೀ ಮುಖ ಬಿಚ್ಚಬೇಕಿತ್ತು. ಇಲ್ಲಿ ಆ ಎರಡು ಸ್ಪೋಕಿಗೆ ಮಾತ್ರ 1500ರಿಂದ ಮತ್ತೆ ಶುರು ಮಾಡಿ, ಎಣ್ಣೆ ತೆಗೆದು, ಕೋಟಿಂಗ್ ಹಚ್ಚಿದೆ. ಒಂದು ಮಧ್ಯಾಹ್ನದ ಕೆಲಸ. ಹೊಸದು ಹಳೆಯದು ಸೇರುವ ಗೆರೆ ಎಲ್ಲಿದೆ ಅಂತ ನನಗೇ ಹುಡುಕಲು ಆಗುವುದಿಲ್ಲ.

ಕೈ ಪಳಗಿದ ಮೇಲೆ ಸುಮ್ನಿರಲು ಆಗುತ್ತದೆಯೇ? ಕಿಟಕಿಯ ಸುತ್ತಲಿನ ಹೊಳೆಯುವ ಪಟ್ಟಿಗಳ ಮೇಲೆ ಕಣ್ಣು ಬಿತ್ತು. ಎಷ್ಟು ಪಾಲಿಶ್ ಹಾಕಿದರೂ ಹಾಲು ಬಿದ್ದಂತೆ ಮಬ್ಬು. ಮಲ್ಟಿಮೀಟರ್ ತಂದು ಎರಡೂ ಮೊನೆ ಪಟ್ಟಿಗೆ ಮೆಲ್ಲಗೆ ಇಟ್ಟೆ. ಕರೆಂಟ್ ಹರಿಯಲೇ ಇಲ್ಲ. ಅಂದರೆ ಆನೋಡೈಸ್ (ಕರೆಂಟ್ ಹಾಯಿಸಿ ಮೈಮೇಲೆ ದಪ್ಪ ಆಕ್ಸೈಡ್ ಪದರ ಬೆಳೆಸುವುದು) ಆಗಿದೆ. ಆ ಪದರ ಗಾಜಿನ ಹಾಗೆ, ಪಾಲಿಶ್ ಅದರ ಮೇಲೆ ಜಾರುತ್ತದೆ ಅಷ್ಟೇ. ಹೊಸದಾಗಿ ಕೆಲಸ ಶುರು ಮಾಡುವವರು ಮೊದಲು ಈ ಮೀಟರ್ ಪರೀಕ್ಷೆ ಮಾಡಿ, ಬೆವರು ಉಳಿಯುತ್ತದೆ. ಮೀಟರ್ ಕೂಗಿದರೆ, ಅಂದರೆ ಕರೆಂಟ್ ಹರಿದರೆ, ಬರಿ ಲೋಹ. ಕೂಗದಿದ್ದರೆ ಲ್ಯಾಕರೋ ಆನೋಡೈಸೋ ಇದೆ.

ಆ ಪದರ ತೆಗೆಯಲು ಕಾಸ್ಟಿಕ್ ಸೋಡಾ ಬೇಕು. ನೀರಿಗೆ ಸೋಡಾ ಹಾಕಬೇಕು, ಸೋಡಾಗೆ ನೀರಲ್ಲ. ಪಟ್ಟಿ ಮುಳುಗಿಸಿದ ಮೊದಲ ಒಂದು ನಿಮಿಷ ಏನೂ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಉದ್ದಕ್ಕೂ ಗುಳ್ಳೆ. ಪದರ ಹೋಗಿ ಲೋಹ ಸಿಕ್ಕಿತು ಅಂತ ಅರ್ಥ, ತಕ್ಷಣ ಎತ್ತಬೇಕು. ಆ ಗುಳ್ಳೆ ಹೈಡ್ರೋಜನ್, ಹತ್ತಿರ ಬೆಂಕಿ ಬೇಡ, ಬಯಲಲ್ಲೇ ಮಾಡಿ. ಕಣ್ಣಿಗೆ ಮುಚ್ಚಿಗೆ, ಕೈಗೆ ಉದ್ದ ಗ್ಲೌಸ್ ಇಲ್ಲದೆ ಹತ್ತಿರವೂ ಹೋಗಬೇಡಿ. ನಾನು ಒಂದು ಪಟ್ಟಿಯನ್ನು ಅರ್ಧ ನಿಮಿಷ ಜಾಸ್ತಿ ಬಿಟ್ಟೆ, ಅದು ಉಪ್ಪುಕಾಗದದಂತೆ ಒರಟಾಗಿ ಹೊರಬಂತು. ಉಳಿದವು ಚೆನ್ನಾಗಿ ಬಂದವು. ಆದರೂ ನಿಜ ಹೇಳಬೇಕೆಂದರೆ ಈ ಕೆಲಸ ಮತ್ತೆ ಮಾಡುವುದಿಲ್ಲ. ಆನೋಡೈಸ್ ಕೊಡುತ್ತಿದ್ದ ಗಟ್ಟಿತನ ಯಾವ ಬಾಟಲಿಯಿಂದಲೂ ಬರುವುದಿಲ್ಲ.

ಸೈಲೆನ್ಸರಿನ ತುದಿ ಸ್ಟೇನ್‌ಲೆಸ್. ಅದಕ್ಕೆ ಒಮ್ಮೆ ವ್ಯಾಕ್ಸ್ ಹಾಕಿ ನೋಡಿದೆ, ಸುಟ್ಟು ಕಂದು ಕಲೆಯಾಯಿತು. ಈಗ ಅದಕ್ಕೆ ಏನೂ ಹಾಕುವುದಿಲ್ಲ. ತುಕ್ಕಿನ ಚುಕ್ಕೆ ಬರುತ್ತಿದ್ದುದಕ್ಕೆ ಕಾರಣ ನಾನೇ, ಮಾಮೂಲಿ ಸ್ಟೀಲ್ ವೂಲ್‌ನಲ್ಲಿ (ಉಕ್ಕಿನ ನಾರಿನ ಉಂಡೆಯಲ್ಲಿ) ಉಜ್ಜುತ್ತಿದ್ದೆ. ಆ ಕಬ್ಬಿಣದ ಕಣಗಳು ಮೈಗೆ ಅಂಟಿಕೊಂಡು ತುಕ್ಕು ಹಿಡಿಯುತ್ತಿದ್ದವು. ಸ್ಟೇನ್‌ಲೆಸ್‌ಗೆ ಏನೂ ಆಗಿರಲಿಲ್ಲ. ಸಿಟ್ರಿಕ್ ಆಸಿಡ್ ಪುಡಿಯನ್ನು 4ರಿಂದ 10 ಪರ್ಸೆಂಟ್ ಲೆಕ್ಕದಲ್ಲಿ ಬೆಚ್ಚಗಿನ ನೀರಿಗೆ ಹಾಕಿ, ಇಪ್ಪತ್ತು ನಿಮಿಷ ಮುಳುಗಿಸಿ ತೊಳೆದೆ. ಚುಕ್ಕೆ ಮತ್ತೆ ಬಂದಿಲ್ಲ. ಬಿಸಿಗೆ ಬರುವ ಚಿನ್ನದ ಬಣ್ಣ, ನೀಲಿ ಬಣ್ಣ ಹಾಗೇ ಇರಲಿ, ಅದು ಚೆಂದವೇ.

ಹಳೇ ಹಿತ್ತಾಳೆ ಹಾರ್ನ್ ಒಂದಿತ್ತು. ಅದಕ್ಕೆ ಮ್ಯೂಸಿಯಂ ವ್ಯಾಕ್ಸ್ ಎರಡು ಕೋಟು. ಚೆನ್ನಾಗಿದೆ. ಅಮೋನಿಯಾ ಇರುವ ಪಾಲಿಶ್ ಹಿತ್ತಾಳೆಗೆ ಬೇಡ, ಬಗ್ಗಿಸಿದ ಜಾಗಗಳಲ್ಲಿ ಅಮೋನಿಯಾ ಬಿರುಕು ಹುಟ್ಟಿಸುತ್ತದೆ. ಬರಿ ಕಬ್ಬಿಣದ ವಿಷಯದಲ್ಲಿ ನಾನು ಸೋತಿದ್ದೇನೆ ಅಂತ ಒಪ್ಪಿಕೊಳ್ಳುತ್ತೇನೆ. ಮಳೆ ಬೀಳುವ ಜಾಗದಲ್ಲಿ ಅದಕ್ಕೆ ಪೇಂಟೇ ಗತಿ.

ಚಕ್ರದ ದಿನನಿತ್ಯದ ಆರೈಕೆ ಜಾಸ್ತಿ ಇಲ್ಲ. ವಾರಕ್ಕೊಮ್ಮೆ ನ್ಯೂಟ್ರಲ್ ಶಾಂಪೂ, ಚಕ್ರಕ್ಕೇ ಬೇರೆ ಬಕೆಟ್, ಚಕ್ರ ತಣ್ಣಗಿದ್ದಾಗ ಮಾತ್ರ. ನೀರು ಮಣಿಯಾಗುವುದು ಕಮ್ಮಿಯಾಯಿತು ಅನ್ನಿಸಿದಾಗ, ಸುಮಾರು ನಾಲ್ಕೈದು ತಿಂಗಳಿಗೊಮ್ಮೆ, ಮೇಲಿಂದ ತೆಳ್ಳಗೆ ಒಂದು ಕೈ. ದೊಡ್ಡ ಶತ್ರು ಬ್ರೇಕಿನ ಧೂಳು. ಬಿಸಿ ಕಬ್ಬಿಣದ ಕಣಗಳು ಬಂದು ಕಚ್ಚಿಕೊಂಡು, ತೇವದಲ್ಲಿ ಅಲ್ಯೂಮಿನಿಯಂ ಮೈಯನ್ನು ಚುಕ್ಕೆಚುಕ್ಕೆಯಾಗಿ ಕೊರೆಯುತ್ತವೆ. ಪ್ಯಾಡ್ ಬದಲಿಸುವ ಸಮಯ ಬಂದಾಗ ಸೆರಾಮಿಕ್ ಪ್ಯಾಡ್ ಹಾಕಿಸಿದೆ, 9 ಖರ್ಚಾಯಿತು. ಧೂಳು ಅರ್ಧಕ್ಕಿಂತ ಕೆಳಗಿಳಿಯಿತು. ಹಾಗೇ ಬ್ಯಾಲೆನ್ಸಿಂಗ್‌ಗೆ ಅಂಚಿಗೆ ಬಡಿಯುವ ಕಬ್ಬಿಣದ ತೂಕ ಬೇಡ ಅನ್ನಿ, ಒಳಗೆ ಅಂಟಿಸುವುದನ್ನೇ ಹಾಕಿಸಿ. ಆ ಕ್ಲಿಪ್ಪಿನ ಅಡಿ ನೀರು ನಿಂತು ಆರು ತಿಂಗಳಲ್ಲಿ ಗುಂಡಿ ಮಾಡುತ್ತದೆ.

"ಒಂದು ತಿಂಗಳು ನಿಲ್ಲಲ್ಲ" ಅಂದಿದ್ದ ಪೇಂಟರ್ ಹೋದ ತಿಂಗಳು ಸಿಕ್ಕಿದ್ದರು. ಉಗುರಿನಿಂದ ರಿಮ್ಮನ್ನು ಗೀರಿ ನೋಡಿ, "ಯಾವ ಲ್ಯಾಕರ್ ಇದು?" ಅಂತ ಕೇಳಿದರು. ಇಲ್ಲ ಅಂದರೂ ನಂಬಲಿಲ್ಲ. ಡಿಕ್ಕಿಯಿಂದ ಮಲ್ಟಿಮೀಟರ್ ತೆಗೆದು ರಿಮ್ಮಿಗೆ ಇಟ್ಟು ತೋರಿಸಿದೆ. ಮೊನೆ ಸ್ವಲ್ಪ ಒತ್ತಬೇಕಾಯಿತು, ಕೋಟಿಂಗ್ ಇದೆಯಲ್ಲ. ಕೂಗಿತು. ಆ ಒತ್ತಿದ ಜಾಗದಲ್ಲಿ ಈಗ ಎರಡು ಚುಕ್ಕೆ ಗೀರು ಬಿದ್ದಿದೆ. ಈ ಭಾನುವಾರ ಮತ್ತೆ 2000 ಪೇಪರ್ ಹಿಡಿದು ಕೂರಬೇಕು.